ಬೀಜದ ಪೀಸು

ನಮ್ಮೂರಲ್ಲಿ ಯಾವುದಾದರೂ ಮಾಡೆಲಿನ ಕೊನೆಯ ಗಾಡಿ ನಿಂತುಹೋಯಿತೆಂದರೆ, ಆ ಗಾಡಿಯ ಸ್ಪೇರ್ ಸಾಮಾನುಗಳೆಲ್ಲ ಅಂಗಡಿಯ ಗೂಡುಗಳಲ್ಲಿ ಕೂತಲ್ಲೇ ಭಾರವಾಗಲು ಶುರುವಾಗುತ್ತವೆ. ಮೊದಮೊದಲು ಗೊತ್ತಾಗುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಧೂಳು ಹೊಡೆಯೋಣವೆಂದು ಅಂಗೈಯಗಲದ ಬೇರಿಂಗ್ ಎತ್ತಲು ಹೋದರೆ ತುಂಬಿದ ಕೊಡ ಎತ್ತಿದಂತೆ ಸೊಂಟ ಹಿಡಿದುಕೊಳ್ಳುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಬೆಚ್ಚಿಬಿದ್ದು ಅತ್ತೆಯನ್ನು ಕೇಳಿದೆ. "ಯಾಕೆ ಮಂಗಳಾ, ನಿಮ್ಮೂರಲ್ಲಿ ಹಿಂಗಾಗಲ್ವೇನೆ?" ಅಂದರು. ಇಲ್ಲ ಅಂದೆ. "ಅಯ್ಯೋ ಪಾಪ, ಮತ್ತೆ ಯಾವ್ದು ಹಳೇ ಸಾಮಾನು ಅಂತ ನಿಮಗೆ ಹೆಂಗ್ ಗೊತ್ತಾಗುತ್ತೆ?" ಅಂತ ನನ್ನನ್ನೇ ಮರುಕದಿಂದ ನೋಡಿದರು.

ಭಾರ ಬಿದ್ದ ಸಾಮಾನನ್ನು ಗುಜರಿಯವರು ಮುಟ್ಟುವುದಿಲ್ಲ. ಅದು ಕುಲುಮೆಯಲ್ಲಿ ಕೆಂಪಗೂ ಆಗುವುದಿಲ್ಲ. ಹಿಂದೆ ಯಾರೋ ಒಬ್ಬ ಜಾಣ ಒಂದು ಮೂಟೆ ಹಳೇ ಗೇರುಗಳನ್ನು ಕೆರೆಗೆ ಸುರಿದು ಬಂದನಂತೆ. ಕೆರೆಯ ತಳ ಒಡೆದು ನೀರೆಲ್ಲ ಇಂಗಿಹೋಗಿ, ಆ ಬೇಸಿಗೆಯಿಡೀ ಊರಿಗೆ ಊರೇ ಅವನಿಗೆ ಹಿಡಿಶಾಪ ಹಾಕಿತಂತೆ. ಹಗುರ ಮಾಡುವ ದಾರಿ ಒಂದೇ. ಆ ಗಾಡಿಯಲ್ಲಿ ಕೂತು ಹೋದವರು ಯಾರಾದರೂ ಬಂದು, ಸಾಮಾನಿನ ಮೇಲೆ ಕೈಯಿಟ್ಟು, ಎಲ್ಲಿಗೆ ಹೋದೆವು, ಯಾರ ಜೊತೆ ಹೋದೆವು, ದಾರಿಯಲ್ಲಿ ಏನಾಯಿತು ಎಂದು ಹೇಳಬೇಕು. ಒಂದು ಸಾಮಾನಿಗೆ ಒಂದು ಪ್ರಯಾಣ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಆಗುವುದಿಲ್ಲ. ಸುಳ್ಳು ಸೇರಿಸಿದರೆ ಇನ್ನಷ್ಟು ಭಾರವಾಗುತ್ತದೆ. ಹಾಗಾಗಿ ನಮ್ಮೂರಿನ ಜನ ಬೇರೆಲ್ಲ ಕಡೆ ಬೇಕಾದಷ್ಟು ಬಂಡಲ್ ಬಿಡುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮಾತ್ರ ಬಿಡುವುದಿಲ್ಲ.

ನನ್ನ ಮಾವ ಮರುಳಯ್ಯನವರ ಅಂಗಡಿ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ. ಮುಂದೆ ಅಂಗಡಿ, ಹಿಂದೆ ನಮ್ಮ ಮನೆ, ಎರಡರ ಮೇಲೂ ಹಾದುಹೋಗುವ ಮರದ ಅಟ್ಟ. ಅಟ್ಟದ ತುಂಬ ಸಾರಸದ ಸಾಮಾನು. ಸಾರಸ ಅಂದರೆ ಉದ್ದ ಮೂತಿಯ ಹಸಿರು ವ್ಯಾನು. ಎಂಟು ಜನ ಕೂರಲಿ ಎಂದು ಕಂಪನಿಯವರು ಮಾಡಿದ್ದರು. ನಮ್ಮೂರವರು ತೊಡೆಯ ಮೇಲೆ ತೊಡೆ ಹಾಕಿಕೊಂಡು ಮದುವೆಗೆ ಮದುವೆಯನ್ನೇ ಅದರಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಒಂದು ಕಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಾರಸಗಳು ಸಾಲಾಗಿ ನಿಂತು ಪೀಂ ಪೀಂ ಅನ್ನುತ್ತಿದ್ದರೆ ನಮ್ಮ ಮಾವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಅಂಗಡಿ ಬಾಗಿಲು ಹಾಕಿದ್ದನ್ನು ಯಾರೂ ಕಂಡವರಿಲ್ಲ. "ಗಾಡಿ ಕೆಡೋದು ಹಬ್ಬ ಹುಣ್ಣಿಮೆ ನೋಡ್ಕೊಂಡು ಕೆಡ್ತದಾ?" ಎಂಬುದು ಅವರ ವಾದ. ಅವರ ಮದುವೆಯ ದಿನವೇ ಧಾರೆ ಮುಗಿಸಿ ಬಾಸಿಂಗ ಕಟ್ಟಿಕೊಂಡೇ ಬಂದು ಯಾರಿಗೋ ಫ್ಯಾನ್‌ಬೆಲ್ಟ್ ಕೊಟ್ಟಿದ್ದರಂತೆ. ಅತ್ತೆ ದಾಕ್ಷಾಯಣಮ್ಮ ಅದನ್ನು ನಗುನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳುವಾಗ ಪ್ರತಿಸಲವೂ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದರು.

ಮಾವನಿಗೆ ಒಂದು ನೇಮವಿತ್ತು. ಅವರ ಅಪ್ಪನ ಕಾಲದವರೆಗೂ ಆ ಮನೆಯದು ಬಿತ್ತನೆ ರಾಗಿಯ ವ್ಯಾಪಾರ. ಚೀಲದಲ್ಲಿ ಕೊನೆಗೆ ಉಳಿದ ಒಂದು ಬೊಗಸೆಯನ್ನು ಯಾರು ಎಷ್ಟು ಅಂಗಲಾಚಿದರೂ ಮಾರುತ್ತಿರಲಿಲ್ಲವಂತೆ. ಅದು ಬೀಜಕ್ಕೆ. ರಾಗಿ ಹೋಗಿ ಕಬ್ಬಿಣ ಬಂದರೂ ಆ ನೇಮ ಹೋಗಲಿಲ್ಲ. ಯಾವುದೇ ಸಾಮಾನಿನ ಕೊನೆಯದೊಂದನ್ನು ಮಾವ ಮಾರುತ್ತಿರಲಿಲ್ಲ. ಅದಕ್ಕೆ ಬೀಜದ ಪೀಸು ಅಂತಲೇ ಹೆಸರು. ಕೆಂಪು ದಾರ ಕಟ್ಟಿ ಅಟ್ಟದ ನಡುತೊಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು. ಕಬ್ಬಿಣ ಮೊಳಕೆ ಒಡೆಯುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು? ನಾನು ಒಂದೆರಡು ಸಲ ಹೇಳಿ ಬೈಸಿಕೊಂಡಿದ್ದೆ.

ಕಾಲ ಸರಿದ ಹಾಗೆ ಹೊಸ ಗಾಡಿಗಳು ಬಂದವು, ಸಾರಸಗಳು ಒಂದೊಂದಾಗಿ ಮೂಲೆ ಸೇರಿದವು. ಕೊನೆಗೆ ಉಳಿದದ್ದು ದಸ್ತಗೀರ್ ಸಾಬರದು ಒಂದೇ. ಅದೊಂದು ಓಡುತ್ತಿದ್ದುದರಿಂದಲೇ ನಮ್ಮ ಅಟ್ಟ ಹಗುರವಾಗಿ ನಿಂತಿತ್ತು. ಅದು ಗೊತ್ತಿದ್ದೂ ಮಾವ ಮಾಡಿದ ಕೆಲಸ ನೋಡಿ. ಒಂದು ಮಧ್ಯಾಹ್ನ ದಸ್ತಗೀರ್ ಸಾಬರು ಬೆವರು ಒರೆಸಿಕೊಳ್ಳುತ್ತ ಬಂದರು.

"ಸಾವ್ಕಾರ್ರೇ, ಕಾರ್ಬೊರೇಟರ್ ಪೂರಾ ಹೋಗೈತೆ. ಒಂದು ಕೊಡಿ."

"ಇರೋದು ಒಂದೇ ಸಾಬ್ರೇ."

"ನಂಗೂ ಬೇಕಿರೋದು ಒಂದೇ."

"ಕೊನೇದು ಅದು. ಬೀಜದ ಪೀಸು. ಕೊಡಾಕಾಗಲ್ಲ."

ದಸ್ತಗೀರ್ ಸಾಬರು ತಮಾಷೆ ಎಂದುಕೊಂಡು ನಕ್ಕರು. ಮಾವನ ಮುಖ ನೋಡಿ ನಗು ನಿಲ್ಲಿಸಿದರು. "ಅಲ್ಲ ಸಾವ್ಕಾರ್ರೇ, ಊರಲ್ಲಿ ಸಾರಸ ಅಂತ ಇರೋದೇ ನಂದೊಂದು. ನೀವು ಆ ಬೀಜಾನ ಯಾವ ಹೊಲದಾಗೆ ಬಿತ್ತೀರಿ?"

"ನಮ್ಮಪ್ಪ ಮಾಡ್ಕೊಂಡು ಬಂದ ನೇಮ. ನಾನು ಮುರಿಯಲ್ಲ."

"ಆಯ್ತು. ಮಡಿಕ್ಕಳ್ಳಿ. ಪೂಜೆ ಮಾಡಿ," ಎಂದು ಅವರು ಹೆಗಲ ಮೇಲಿನ ಟವೆಲ್ ಕೊಡವಿ ಹೊರಟುಹೋದರು. ಅವತ್ತಿನಿಂದ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಗಾಡಿಯನ್ನು ಮನೆಯ ಹಿತ್ತಲಿಗೆ ತಳ್ಳಿ, ಸೀಟು ಬಿಚ್ಚಿ, ಅದರಲ್ಲಿ ಕೋಳಿ ಸಾಕಿಕೊಂಡರು ಅಂತ ಸುದ್ದಿ ಬಂತು. ಮಾವ ಕೇಳಿಯೂ ಕೇಳದವರಂತೆ ನಟ್ಟುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಕೂತರು.

ಆಮೇಲೆ ಇನ್ನೇನಾಗಬೇಕು? ನಾನು ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದಾಗ ತಲೆಯ ಮೇಲೆ ಚಟ್ ಅಂತು. ನೋಡಿದರೆ ನಡುತೊಲೆಯಲ್ಲಿ ಬಿರುಕು, ಸಾರಿನ ಪಾತ್ರೆಯ ತುಂಬ ಮಣ್ಣು. ಬಡಗಿ ಬಂದವನು ತೊಲೆಯನ್ನು ಬೆರಳಿನಿಂದ ತಟ್ಟಿ, ಕೆಳಗೆ ಒಂದು ಕಂಬ ಕೊಟ್ಟು, "ಮಳೆ ಹಿಡಿಯೋದ್ರೊಳಗೆ ಅಟ್ಟ ಖಾಲಿ ಮಾಡಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ. ಅಟ್ಟ ಬಿದ್ರೆ ಅಂಗಡಿನೂ ಉಳಿಯಲ್ಲ, ಮನೇನೂ ಉಳಿಯಲ್ಲ" ಅಂದ. ಅವತ್ತು ಮಾವ ಊಟ ಬಿಟ್ಟರು. ಅವರ ಬದುಕೆಲ್ಲ ಆ ಅಟ್ಟ ಮತ್ತು ಆ ಬಾಗಿಲು. ನನಗೆ ಅವರ ಮೇಲೆ ಸಿಟ್ಟು ಎಷ್ಟು ಬಂದಿತ್ತೋ ಅಷ್ಟೇ ಸಂಕಟವೂ ಆಯಿತು. ಸಿಟ್ಟನ್ನು ಮಾತ್ರ ಬಾಯಿಬಿಟ್ಟು ಹೇಳಿದೆ.

ಮಾರನೆಯ ದಿನ ಆಟೋಗೆ ಮೈಕು ಕಟ್ಟಿ ಊರೆಲ್ಲ ಸಾರಿಸಿದೆವು: ಮರುಳಯ್ಯನವರ ಅಂಗಡಿಯಲ್ಲಿ ಸಾರಸ ಹಗುರ ಮಾಡುವುದು, ಕೂತು ಹೋದವರೆಲ್ಲ ಬರಬೇಕು. ಅತ್ತೆ ದೊಡ್ಡ ಹಂಡೆಯಲ್ಲಿ ಟೀ ಇಟ್ಟರು, ಮೊರದ ತುಂಬ ಮಂಡಕ್ಕಿ ಕಲಸಿದರು. ನನ್ನ ಗಂಡ ಶಿವಲಿಂಗುವಿಗೆ ಮಾತು ಕಡಿಮೆ, ಏಣಿ ಹಿಡಿದು ನಿಲ್ಲುವ ಕೆಲಸ ಅವರಿಗೆ ಸರಿಹೋಯಿತು. ಜನ ಬಂದರು ನೋಡಿ, ಅಬ್ಬಬ್ಬಾ! ಬಸ್‌ಸ್ಟ್ಯಾಂಡಿನವರೆಗೂ ಸಾಲು. ನಿಂತಲ್ಲೇ ಒಬ್ಬರಿಗೊಬ್ಬರು "ನೀನು ಯಾವ್ದು ಹೇಳ್ತೀಯಾ?" "ಹೇಳ್ಬಿಟ್ರೆ ಇಲ್ಲೇ ಮುಗಿದುಹೋಗ್ತದೆ, ಸುಮ್ನಿರು" ಎನ್ನುತ್ತಿದ್ದರು.

ಡ್ರಿಲ್ ಮೇಷ್ಟ್ರು ಕ್ಲಚ್ ಪ್ಲೇಟಿನ ಮೇಲೆ ಕೈಯಿಟ್ಟು, ಹುಡುಗರ ಕಬಡ್ಡಿ ಟೀಮನ್ನು ಕರೆದುಕೊಂಡು ಹೋಗಿ ಹೀನಾಯವಾಗಿ ಸೋತು ಬಂದದ್ದನ್ನು ಹೇಳಿದರು. ದಾರಿಯುದ್ದಕ್ಕೂ ಎಲ್ಲರೂ ಅತ್ತರಂತೆ. ಆಮೇಲೆ ಡ್ರೈವರು ಆಲೆಮನೆಯ ಹತ್ತಿರ ನಿಲ್ಲಿಸಿ ಕಬ್ಬಿನಹಾಲು ಕುಡಿಸಿದ ಮೇಲೆ ಗೆದ್ದವರ ಹಾಗೆ ಹಾಡುತ್ತ ಬಂದರಂತೆ. ಒಬ್ಬಾಕೆ ಬಾಗಿಲಿನ ಹಿಡಿ ಹಿಡಿದು, ಆಸ್ಪತ್ರೆಗೆ ಹೊರಟವಳು ರೈಲ್ವೆ ಗೇಟು ಹಾಕಿದ್ದರಿಂದ ಎರಡನೇ ಸೀಟಿನಲ್ಲೇ ಹೆತ್ತದ್ದನ್ನು ಹೇಳಿದಳು. ಹೆತ್ತ ಮಗ ಮೀಸೆ ಬಿಟ್ಟುಕೊಂಡು ಹಿಂದೆಯೇ ನಿಂತಿದ್ದ, "ಸಾಕು ಸುಮ್ನಿರವ್ವ" ಎಂದು ನಾಚಿ ನೀರಾದ. ಮಾತು ಬಿಟ್ಟು ಎಷ್ಟೋ ವರ್ಷವಾಗಿದ್ದ ಇಬ್ಬರು ವಾರಗಿತ್ತಿಯರು ಒಂದೇ ಪಟ್ಟಿ ಸ್ಪ್ರಿಂಗಿನ ಎರಡು ತುದಿಗೆ ಕೈಹಾಕಿದರು. ಮನೆಯಲ್ಲಿ ಹೇಳದೆ ಸಿನಿಮಾಕ್ಕೆ ಹೋಗಿ, ವಾಪಸು ಬರುವಾಗ ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ತಮ್ಮ ಮಾವನವರೇ ಕೂತದ್ದನ್ನು ಕಂಡು ದಾರಿಯುದ್ದಕ್ಕೂ ಸೆರಗು ಮುಖಕ್ಕೆ ಎಳೆದುಕೊಂಡ ಕಥೆ. ಹೇಳುತ್ತ ಹೇಳುತ್ತ ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸ್ಪ್ರಿಂಗು ಹಗುರವಾದ ಮೇಲೂ ಅದನ್ನು ಬಿಡಲೊಲ್ಲರು. ಗುಜರಿ ಚೌಡಪ್ಪ ಹೊರಗೆ ಕೈಗಾಡಿ ನಿಲ್ಲಿಸಿಕೊಂಡು, ಹಗುರವಾದದ್ದನ್ನೆಲ್ಲ ಹೂವಿನಂತೆ ಎತ್ತಿ ಹಾಕಿಕೊಳ್ಳುತ್ತಿದ್ದ.

ಮಾವ ಗಲ್ಲಾದ ಹತ್ತಿರ ಕೂತು ಎಲ್ಲವನ್ನೂ ಕೇಳುತ್ತಿದ್ದರು. ತಾವು ಕೊಟ್ಟ ಒಂದೊಂದು ನಟ್ಟು ಬೋಲ್ಟೂ ಎಲ್ಲೆಲ್ಲಿಗೆ ಹೋಗಿ ಬಂದಿದೆ ಎಂದು ಅವರಿಗೆ ಅವತ್ತೇ ಗೊತ್ತಾದದ್ದು. "ನಾನು ಇಲ್ಲೇ ಕೂತಿದ್ದೆನಲ್ಲ" ಎಂದು ಒಂದು ಸಲ ತಮ್ಮಷ್ಟಕ್ಕೆ ಅಂದುಕೊಂಡದ್ದು ನನ್ನ ಕಿವಿಗೆ ಬಿತ್ತು.

ಜನ ಸ್ವಲ್ಪ ಕರಗಿದ ಮೇಲೆ ಅತ್ತೆ ಒದ್ದೆ ಕೈ ಒರೆಸಿಕೊಂಡು ಬಂದರು. "ನಂದೂ ಒಂದಿರಲಿ" ಎಂದು ಕಿಟಕಿ ಗಾಜು ಇಳಿಸುವ ಹಿಡಿಯ ಮೇಲೆ ಕೈಯಿಟ್ಟರು. ನಾವೆಲ್ಲ ಕಾದೆವು. ಅತ್ತೆ ಏನೋ ಹುಡುಕುವವರಂತೆ ಹಣೆ ಉಜ್ಜಿಕೊಂಡರು. ಆಮೇಲೆ ಕೈ ತೆಗೆದು ನನ್ನ ಕಡೆ ತಿರುಗಿ, "ನಾನು ಸಾರಸದಲ್ಲಿ ಕೂತೇ ಇಲ್ವಲ್ಲೇ ಮಂಗಳಾ" ಅಂದರು. ಅಳಲಿಲ್ಲ, ಆಶ್ಚರ್ಯಪಟ್ಟವರ ಹಾಗೆ ಅಂದರು. ಮದುವೆಯಾದಾಗಿನಿಂದ ಅವರಿಗೆ ಏಳು ಕಮಾನಿನ ಸೇತುವೆ ನೋಡುವ ಆಸೆ. ನಮ್ಮ ತಾಲ್ಲೂಕಿನ ಆ ಕೊನೆಗಿದೆ, ಬೆಳಿಗ್ಗೆ ಸಾರಸದಲ್ಲಿ ಹೊರಟರೆ ಸಂಜೆಗೆ ಬಂದುಬಿಡಬಹುದು. ಪ್ರತಿವರ್ಷ ಕೇಳುತ್ತಿದ್ದರಂತೆ. ಪ್ರತಿವರ್ಷ ಮಾವ "ಅಂಗಡಿ ಯಾರು ನೋಡ್ಕೋತಾರೆ?" ಅನ್ನುತ್ತಿದ್ದರಂತೆ. ಬೇರೆಯವರ ಜೊತೆ ಹೋಗಲು ಅತ್ತೆ ಒಪ್ಪಲಿಲ್ಲ. ಆ ಹಿಡಿಯನ್ನು ಇನ್ಯಾರೋ ಹಗುರ ಮಾಡಿದರು. ಮಾವ ಮಾತ್ರ ತಲೆ ಎತ್ತಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅಟ್ಟ ಖಾಲಿಯಾಯಿತು. ಬೀಜದ ಪೀಸುಗಳೂ ದಾರ ಬಿಚ್ಚಿಸಿಕೊಂಡು ಕುಲುಮೆಗೆ ಹೋದವು. ಮನೆಯೇ ಹೋಗುವಾಗ ನೇಮ ಎಲ್ಲಿಯದು ಎಂದು ಮಾವನೇ ಕಣ್ಣು ಮುಚ್ಚಿಕೊಂಡು ಬಿಚ್ಚಿಕೊಟ್ಟರು. ಉಳಿದದ್ದು ಒಂದೇ, ಆ ಕಾರ್ಬೊರೇಟರ್. ನಡುತೊಲೆಯ ಮೇಲೆ, ಬಿರುಕಿನ ನೆತ್ತಿಯ ಮೇಲೇ ಕೂತಿತ್ತು. ಯಾರು ಯಾವ ಪ್ರಯಾಣ ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಮದುವೆಯದು ಹೇಳಿದರು, ಸಾವಿನದು ಹೇಳಿದರು, ಮೇಕೆ ಮರಿಯನ್ನು ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು ಬಂದದ್ದು ಹೇಳಿದರು. ನಾಲ್ಕು ಗಂಡಾಳುಗಳು ಹಗ್ಗ ಹಾಕಿ ಎಳೆದರೂ ಕದಲಲಿಲ್ಲ. ಕೆಳಗಿನ ಕಂಬ ಬಾಗತೊಡಗಿತು. ಪಶ್ಚಿಮದ ಕಡೆ ಮೋಡ ಕಟ್ಟುತ್ತಿತ್ತು.

ಕೊನೆಗೆ ಹೂವಿನ ಚೆನ್ನಾಜಮ್ಮ ಬಂದಳು. ಅವಳ ಪ್ರಾಯವೆಲ್ಲ ಬೆಳಗಿನ ಸಾರಸದಲ್ಲಿ ಮಲ್ಲಿಗೆ ಬುಟ್ಟಿಯ ಜೊತೆ ಕಳೆದದ್ದು, ಎಷ್ಟು ಹೇಳಿದರೂ ಮುಗಿಯದಷ್ಟು ಪ್ರಯಾಣ ಅವಳ ಹತ್ತಿರ ಇತ್ತು. ಅಟ್ಟ ಹತ್ತಿ ಕಾರ್ಬೊರೇಟರನ್ನು ಮುಟ್ಟಿ ನೋಡಿ, ಒಂದು ಮಾತೂ ಹೇಳದೆ ಇಳಿದುಬಂದಳು.

"ಯಾಕವ್ವ?" ಅಂದೆ.

"ಇದು ಕತೆ ಕೇಳ್ತಿಲ್ಲ ಕಣವ್ವ. ಗಾಡಿ ಕೇಳ್ತಾ ಐತೆ."

ಎಲ್ಲರೂ ಮಾವನ ಕಡೆ ನೋಡಿದರು. ನಾನಂತೂ ಸುಮ್ಮನಿರಲಿಲ್ಲ. "ಅಲ್ಲ ಮಾವ, ಹಿತ್ತಲಲ್ಲಿ ಗಾಡಿ ಅದಕ್ಕೇ ಬಾಯಿ ಬಿಟ್ಕೊಂಡು ನಿಂತಿದೆ. ನೀವು ಇದನ್ನ ಹಳೇ ಸಾಮಾನು ಅಂತ ಸಾಗಹಾಕೋಕೆ ನೋಡಿದ್ರೆ ಅದಾದ್ರೂ ಹೆಂಗೆ ಹೋಗುತ್ತೆ?" ಅಂದೆ. ಮಾವ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿ ಬಿದ್ದುಬಿಡುತ್ತಾರೋ ಎಂದು ನಾನೂ ಹಿಂದೆಯೇ ಹೋದೆ.

ದಸ್ತಗೀರ್ ಸಾಬರು ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಸಾರಸದ ಕಿಟಕಿಯಿಂದ ಒಂದು ಹುಂಜ ಡ್ರೈವರಿನ ಗತ್ತಿನಲ್ಲಿ ಹೊರಗೆ ನೋಡುತ್ತಿತ್ತು. ಮಾವ ಬೇಲಿಯ ಹತ್ತಿರ ನಿಂತರು. ಒಳಗೆ ಬನ್ನಿ ಎಂದು ಅವರು ಅನ್ನಲಿಲ್ಲ, ಬರಲೇ ಎಂದು ಇವರೂ ಕೇಳಲಿಲ್ಲ.

"ಸಾಬ್ರೇ, ನಂದು ತಪ್ಪಾಯ್ತು," ಎಂದರು ಮಾವ. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಮನೆ ಬೀಳ್ತದೆ ಅಂತ ಬಂದ್ರಾ?"

"ಅದಕ್ಕೇ ಬಂದೆ. ಸುಳ್ಯಾಕೆ ಹೇಳ್ಲಿ. ಆದ್ರೆ ಅದೊಂದಕ್ಕೇ ಅಲ್ಲ." ಮಾವ ಬೇಲಿಯ ಗೂಟ ಹಿಡಿದುಕೊಂಡರು. "ಊರಿಗೆ ಊರೇ ನನ್ನ ಸಾಮಾನು ಹಾಕ್ಕೊಂಡು ಎಲ್ಲೆಲ್ಲೋ ಹೋಗಿಬಂತು. ನಮ್ಮನೆಯವಳಿಗೆ ಹೇಳಾಕೆ ಒಂದೂ ಇಲ್ಲ. ಕಾರ್ಬೊರೇಟರ್ ನಿಮ್ಮದು, ಬಂದು ತಗೊಂಡೋಗಿ. ಗಾಡಿ ಎದ್ದರೆ ನಮ್ಮಿಬ್ಬರನ್ನ ಒಂದ್ಸಲ ಸೇತುವೆಗೆ ಕರ್ಕೊಂಡೋಗಿ."

ದಸ್ತಗೀರ್ ಸಾಬರು ಕೈಯಲ್ಲಿದ್ದ ಕಾಳನ್ನೆಲ್ಲ ಒಟ್ಟಿಗೇ ಚೆಲ್ಲಿಬಿಟ್ಟರು. ಕೋಳಿಗಳು ಮುಗಿಬಿದ್ದವು. "ನನ್ ಗಾಡೀಲಿ ಅಮ್ಮಾವ್ರು ಕೂತೇ ಇಲ್ವಾ? ಇದೇನ್ ಸಾವ್ಕಾರ್ರೇ, ಮೊದ್ಲೇ ಹೇಳೋದಲ್ವಾ!" ಎಂದು ಅಲ್ಲೇ ಲುಂಗಿ ಎತ್ತಿ ಕಟ್ಟಿ ನಮ್ಮ ಜೊತೆ ಹೊರಟರು. ಅಟ್ಟ ಹತ್ತಿ, "ಬಾರಪ್ಪ" ಎಂದು ಕಾರ್ಬೊರೇಟರನ್ನು ಒಂದೇ ಕೈಯಲ್ಲಿ, ತಟ್ಟೆಯಿಂದ ಇಡ್ಲಿ ಎತ್ತಿದ ಹಾಗೆ ಎತ್ತಿಕೊಂಡು ಇಳಿದರು. ತೊಲೆ ಒಂದು ಸಲ ನಿಟ್ಟುಸಿರು ಬಿಟ್ಟಂತೆ ಕಿರ್ ಎಂದಿತು. ಹಗ್ಗ ಎಳೆದು ಅಂಗೈ ಬೊಬ್ಬೆ ಬರಿಸಿಕೊಂಡಿದ್ದ ನಾಲ್ವರೂ ಬಿಟ್ಟ ಬಾಯಿ ಬಿಟ್ಟಂತೆ ನಿಂತರು.

ಕೋಳಿಗಳನ್ನು ಇಳಿಸಿ, ಸೀಟು ಕೂರಿಸಿ, ಗಾಡಿ ತೊಳೆದು ಎಬ್ಬಿಸಲು ಕೆಲವು ದಿನ ಹಿಡಿಯಿತು. ಹೊರಡುವ ಬೆಳಿಗ್ಗೆ ಮಾವ ಅಂಗಡಿಯ ಬಾಗಿಲು ಹಾಕಿದರು. ನಾನು ನೋಡಿಕೊಳ್ಳುತ್ತೇನೆ ಅಂದರೂ ಕೇಳದೆ, ತಾವೇ ಹಾಕಿ ಬೀಗ ಜಗ್ಗಿ ನೋಡಿದರು. ಅದನ್ನು ಕಂಡು ಊರಿನವರು ಒಬ್ಬೊಬ್ಬರಾಗಿ ಬಂದು "ಯಾರು ಹೋಗ್ಬಿಟ್ರು?" ಎಂದು ದುಃಖದಿಂದ ವಿಚಾರಿಸಿದರು. "ಇಬ್ಬರು ಹೋದರು, ಸಂಜೆಗೆ ಬರ್ತಾರೆ" ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಅತ್ತೆ ಧಾರೆಸೀರೆ ಉಟ್ಟಿದ್ದರು. ಸಾರಸ ಪೀಂ ಎನ್ನುತ್ತ ತಿರುವಿನಲ್ಲಿ ಮರೆಯಾಗುವವರೆಗೂ ನಾನು ನಿಂತು ನೋಡಿದೆ. ನನಗೂ ಕಣ್ಣು ತುಂಬಿತು, ಅದರಲ್ಲೇನು ಮುಚ್ಚುಮರೆ.

ಸಂಜೆ ಬಂದವರನ್ನು "ಹೆಂಗಿತ್ತು ಅತ್ತೆ?" ಎಂದು ಕೇಳಿದೆ. "ಚೆನ್ನಾಗಿತ್ತು" ಅಂದರು, ಅಷ್ಟೇ. ಮಾವನನ್ನು ಕೇಳಿದರೆ ಅವರದೂ ಅದೇ ಮಾತು. ಎಷ್ಟು ಪುಸಲಾಯಿಸಿದರೂ ಇಬ್ಬರೂ ತುಟಿ ಎರಡು ಮಾಡಲಿಲ್ಲ. ಎಷ್ಟೋ ಸಲ ಊಟದ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಬಿಡಿಭಾಗವೇ ಇಲ್ಲದ ಗಾಡಿ ಎಷ್ಟು ದಿನ ಓಡೀತು? ಮಳೆ ಹೋಗಿ, ಚಳಿಯೂ ಹೋಗಿ, ಬಿಸಿಲು ಬಲಿಯುವ ಹೊತ್ತಿಗೆ ಸಾರಸ ನಿಜವಾಗಿಯೂ ನಿಂತಿತು. ಗಾಡಿಯ ಮೈಯನ್ನು ದಸ್ತಗೀರ್ ಸಾಬರು ಡ್ರೈವರ್ ಸೀಟಿನಲ್ಲಿ ಕೂತು ಬೆಳಗಿನಿಂದ ಊಟದ ಹೊತ್ತಿನವರೆಗೂ ಮಾತಾಡಿ ತಾವೇ ಹಗುರ ಮಾಡಿ ಗುಜರಿಗೆ ಕಳಿಸಿದರು. ಕಾರ್ಬೊರೇಟರನ್ನು ಮಾತ್ರ ಬಿಚ್ಚಿ, ಒರೆಸಿ, ಕೆಂಪು ದಾರ ಕಟ್ಟಿ ತಂದು ನಮ್ಮ ಗಲ್ಲಾದ ಮೇಲೆ ಇಟ್ಟರು. "ನಿಮ್ಮ ಬೀಜ ಸಾವ್ಕಾರ್ರೇ. ಇನ್ನು ನೀವುಂಟು, ಅದುಂಟು" ಅಂದರು.

ಕೆಲವು ದಿನಕ್ಕೆ ಗಲ್ಲಾದ ಹಲಗೆ ಬಾಗಿತು. ನಾನೇ ಚೌಡಪ್ಪನಿಗೆ ಹೇಳಿಕಳಿಸಿದೆ. ಅವನು ಕೈಗಾಡಿ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತ. ಮಾವ ಕೆಂಪು ದಾರವನ್ನು ನಿಧಾನವಾಗಿ ಬಿಚ್ಚಿ, ಮಡಿಸಿ ಜೇಬಿಗೆ ಹಾಕಿಕೊಂಡು, ಕಾರ್ಬೊರೇಟರಿನ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, "ಸರೀರಿ, ನಿಮಗೆ ಹೇಳೋಕೆ ಬರಲ್ಲ, ನಾನು ಹೇಳ್ತೀನಿ" ಎಂದು ಅವರ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಬೆಳಿಗ್ಗೆ ಹೊರಟ್ವಿ. ಇವರು ಊರು ದಾಟೋವರೆಗೂ ಹಿಂದೆ ತಿರುಗಿ ಅಂಗಡಿನೇ ನೋಡ್ತಿದ್ರು. ಅಂಗಡಿ ಕಾಣದಂಗಾದ ಮೇಲೆ ನನ್ನ ನೋಡಿದ್ರು. ಈ ಸೀರೆ ಯಾವಾಗ ತಗೊಂಡೆ ಅಂದ್ರು. ಧಾರೆಸೀರೆ ಕಣ್ರೀ, ನೀವೇ ತಂದಿದ್ದು ಅಂದೆ. ಆಮೇಲೆ ರೈಲ್ವೆ ಗೇಟ್ ಹಾಕಿತ್ತು. ಸೌತೆಕಾಯಿ ಕೊಡಿಸಿದ್ರು."

"ಸೌತೆಕಾಯಿ ಅಲ್ಲ ಕಣೇ, ಸೀಬೆಹಣ್ಣು. ತಪ್ಪು ಹೇಳಿದ್ರೆ ಭಾರ ಆಗ್ತದೆ."

"ಸೌತೆಕಾಯೇ. ಸೀಬೆ ಬೀಜ ಹಲ್ಲಿಗೆ ಸಿಕ್ಕೊಳ್ತದೆ ಅಂತ ನೀವೇ ಬೇಡ ಅಂದ್ರಿ."

ಗಲ್ಲಾದ ಹಲಗೆ ಮೆಲ್ಲಗೆ ನೆಟ್ಟಗಾಯಿತು. ಮಾವ ಅದನ್ನು ನೋಡಿ, "ಹೌದು, ಸೌತೆಕಾಯಿ" ಎಂದು ಒಪ್ಪಿಕೊಂಡರು. ಚೌಡಪ್ಪ ಎದ್ದು ಬಂದು ಕೈ ಚಾಚಿದ.

"ಹಗುರಾಯ್ತಮ್ಮಾ. ಕೊಡಿ ಇತ್ಲಾಗೆ."

ಅತ್ತೆ ಕಾರ್ಬೊರೇಟರನ್ನು ಮಾವನ ಕೈಯ ಸಮೇತ ಹತ್ತಿರಕ್ಕೆ ಎಳೆದುಕೊಂಡರು. "ಸ್ವಲ್ಪ ಇರಪ್ಪ," ಅಂದರು, "ನಾವಿನ್ನೂ ಸೇತುವೆ ಹತ್ರ ಬಂದಿಲ್ಲ."